ಹಳೆಯ ಲೈನಿಗೊಂದು ಹೊಸ ಪ್ಲಗ್ ಪಾಯಿಂಟ್

ಮೈಸೂರಿನ ಚಾಮುಂಡಿಪುರಂನಲ್ಲಿರುವ ನನ್ನ ಸೋದರತ್ತೆಯ ಮನೆಗೆ ಕಳೆದ ಬೇಸಿಗೆಯಲ್ಲಿ ಎರಡು ಹೊಸ ಪ್ಲಗ್ ಪಾಯಿಂಟುಗಳು ಬೇಕಾದವು. ಒಂದು, ಮಲಗುವ ಕೋಣೆಯ ಮಂಚದ ಪಕ್ಕದಲ್ಲಿ ಮೊಬೈಲ್ ಚಾರ್ಜಿಗೂ ರಾತ್ರಿಯ ಸಣ್ಣ ದೀಪಕ್ಕೂ. ಇನ್ನೊಂದು, ಅಡುಗೆಮನೆಯ ಕಟ್ಟೆಯ ಮೇಲೆ ಮಗ ತಂದುಕೊಟ್ಟ ಇಂಡಕ್ಷನ್ ಒಲೆಗೆ. ಎರಡಕ್ಕೂ ಹತ್ತಿರದಲ್ಲೇ ಸ್ವಿಚ್ ಬೋರ್ಡುಗಳಿದ್ದುದರಿಂದ ಅಲ್ಲಿಂದ ವೈರ್ ಎಳೆದು ಪಾಯಿಂಟ್ ಕೊಟ್ಟರೆ ಅರ್ಧ ದಿನದ ಕೆಲಸ ಎಂಬುದು ಅತ್ತೆಯ ಲೆಕ್ಕ. ನಾನು ಮೇನ್ ಬೋರ್ಡಿನ ಮುಂದೆ ಕಾಗದ ಪೆನ್ನು ಹಿಡಿದು ನಿಂತದ್ದನ್ನು ನೋಡಿ, "ಎರಡೂ ಮೂರು ತೂತಿನದೇ ತಾನೆ, ಅದಕ್ಕೆ ಇಷ್ಟೊಂದು ವಿಚಾರಣೆ ಏನಪ್ಪ?" ಎಂದರು. ಕೊನೆಗೆ ಮೊದಲನೆಯ ಪಾಯಿಂಟನ್ನು ಇದ್ದ ಲೈನಿನಿಂದಲೇ ಕೊಡಲು ಸಾಧ್ಯವಾಯಿತು. ಎರಡನೆಯದಕ್ಕೆ ಮೇನಿನಿಂದ ಬೇರೆಯೇ ಲೈನ್ ಎಳೆಯಬೇಕಾಯಿತು. ಒಂದೇ ಮನೆಯಲ್ಲಿ, ಒಂದೇ ದಿನ, ನೋಡುವುದಕ್ಕೆ ಒಂದೇ ತರಹದ ಎರಡು ಪಾಯಿಂಟುಗಳ ವಿಷಯದಲ್ಲಿ ಹೀಗೆ ಎರಡು ತೀರ್ಮಾನಗಳು ಏಕೆ ಬಂದವು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಗೋಡೆಯ ಮೇಲೆ ನಮಗೆ ಕಾಣುವ ಪ್ಲಗ್ ಒಂದು ಬಾಗಿಲು ಮಾತ್ರ. ಅದರ ಹಿಂದೆ ಮೂರು ವೈರುಗಳಿರುತ್ತವೆ: ವಿದ್ಯುತ್ತನ್ನು ತರುವ ಫೇಸ್, ಅದನ್ನು ಹಿಂದಕ್ಕೆ ಒಯ್ಯುವ ನ್ಯೂಟ್ರಲ್, ಮತ್ತು ದಾರಿ ತಪ್ಪಿದ ವಿದ್ಯುತ್ತನ್ನು ಮಣ್ಣಿಗೆ ಇಳಿಸಲೆಂದಿದ್ದು, ಎಲ್ಲವೂ ಸರಿಯಿದ್ದಾಗ ಯಾವ ಕೆಲಸವೂ ಇಲ್ಲದೆ ಸುಮ್ಮನಿರುವ ಅರ್ಥ್. ಇವು ಗೋಡೆಯೊಳಗಿನ ಪೈಪಿನಲ್ಲಿ ಹಾದು, ದಾರಿಯಲ್ಲಿ ಬೇರೆ ಬೇರೆ ದೀಪ, ಫ್ಯಾನು, ಪ್ಲಗ್ಗುಗಳಿಗೆ ಕವಲೊಡೆದು, ಕೊನೆಗೆ ಮೇನ್ ಬೋರ್ಡಿನಲ್ಲಿ ಒಂದು ಎಂಸಿಬಿಯನ್ನು (ಪ್ರವಾಹ ಮಿತಿ ಮೀರಿದರೆ ತಾನಾಗಿಯೇ ಬಿದ್ದು ಲೈನನ್ನು ಕಡಿಯುವ ಸ್ವಿಚ್ಚನ್ನು), ಹಳೆಯ ಮನೆಗಳಲ್ಲಾದರೆ ಪಿಂಗಾಣಿಯ ಫ್ಯೂಸನ್ನು, ಸೇರುತ್ತವೆ. ಹೀಗೆ ಒಂದೇ ಎಂಸಿಬಿಯ ಕೆಳಗೆ ಬರುವ ಎಲ್ಲ ಪಾಯಿಂಟುಗಳೂ ಸೇರಿ ಒಂದು ಸರ್ಕ್ಯೂಟ್. ಹೊಸ ಪಾಯಿಂಟ್ ಸೇರಿಸುವುದೆಂದರೆ ಈಗಾಗಲೇ ಇಷ್ಟು ಜನರಿಗೆ ಬಡಿಸುತ್ತಿರುವ ಪಂಕ್ತಿಯಲ್ಲಿ ಇನ್ನೊಂದು ಎಲೆ ಹಾಕುವುದು. ಎಲೆ ಹಾಕಲು ಜಾಗವಿದೆಯೇ ಎಂಬುದಲ್ಲ, ಪಾತ್ರೆಯಲ್ಲಿ ಅನ್ನವಿದೆಯೇ ಎಂಬುದು ಪ್ರಶ್ನೆ.

ನಮ್ಮ ಊರುಗಳ ಹಳೆಯ ಮನೆಗಳಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದದ್ದು ಕೋಲಾರದ ಚಿನ್ನದ ಗಣಿಗಳಿಗಾಗಿ. ಮೈಸೂರು ನಗರಕ್ಕೆ ವಿದ್ಯುತ್ ದೀಪ ಬಂದದ್ದು 1908ರಲ್ಲಿ. ಅಲ್ಲಿಂದ ಬಹುಕಾಲ ಮನೆಗೆ ಕರೆಂಟ್ ಎಂದರೆ ದೀಪ, ಆಮೇಲೆ ಫ್ಯಾನು ಮತ್ತು ರೇಡಿಯೋ. ಅಂದಿನ ವೈರಿಂಗ್ ಆ ಲೆಕ್ಕಕ್ಕೆ ಹೊಂದುವಂತೆ ಮಾಡಿದ್ದು. ದೀಪದ ಸರ್ಕ್ಯೂಟಿನಲ್ಲಿ ದೀಪ, ಫ್ಯಾನು ಮತ್ತು ಸಣ್ಣ ಪ್ಲಗ್ಗುಗಳು ಸೇರಿ ಹತ್ತು ಪಾಯಿಂಟುಗಳಿಗೆ ಮೀರಬಾರದು, ಒಟ್ಟು 800 ವ್ಯಾಟಿಗೆ ಹೆಚ್ಚಬಾರದು ಎಂಬ ರೂಢಿಯ ಮಿತಿ ನಮ್ಮಲ್ಲಿ ದಶಕಗಳಿಂದ ಇದೆ. ಈ ಲೆಕ್ಕದಲ್ಲಿ ಒಂದು ಸಣ್ಣ ಪ್ಲಗ್ಗಿಗೆ 100 ವ್ಯಾಟ್ ಎಂದು ಹಿಡಿಯುತ್ತಾರೆ. ಅತ್ತೆಯ ಇಂಡಕ್ಷನ್ ಒಲೆ 2000 ವ್ಯಾಟಿನದು.

ಆದ್ದರಿಂದ ಗೋಡೆ ಕೊರೆಯುವ ಮೊದಲು ಮಾಡಬೇಕಾದದ್ದು ಸರ್ಕ್ಯೂಟಿನ ಜಾತಕ ಬರೆಯುವ ಕೆಲಸ. ಮನೆಯ ದೀಪ, ಫ್ಯಾನುಗಳನ್ನೆಲ್ಲ ಹಾಕಿ, ಒಬ್ಬರು ಮೇನ್ ಬೋರ್ಡಿನ ಬಳಿ ನಿಂತು ಎಂಸಿಬಿಗಳನ್ನು ಒಂದೊಂದಾಗಿ ಇಳಿಸುತ್ತ ಹೋಗಬೇಕು. ಇನ್ನೊಬ್ಬರು ಟೇಬಲ್ ಲ್ಯಾಂಪನ್ನು ಹಿಡಿದುಕೊಂಡು ಪ್ರತಿ ಪ್ಲಗ್ಗಿಗೂ ಹಾಕಿ ನೋಡಿ ಯಾವುದು ಆರಿತು ಎಂದು ಕೂಗಿ ಹೇಳಬೇಕು. ಬಿಲ್ಡರ್ ಬರೆದಿಟ್ಟ ಚೀಟಿಯನ್ನು ನಂಬುವಂತಿಲ್ಲ; ಕೋಣೆಯ ಗೋಡೆಗೂ ಸರ್ಕ್ಯೂಟಿನ ಗಡಿಗೂ ಸಂಬಂಧವಿರಬೇಕೆಂದೇನೂ ಇಲ್ಲ. ಅತ್ತೆಯ ಮನೆಯಲ್ಲಿ ಅಡುಗೆಮನೆಯ ಎಂಸಿಬಿ ಇಳಿಸಿದಾಗ ದೇವರಮನೆಯ ದೀಪವೂ ಹಿತ್ತಲಿನ ಬಚ್ಚಲಿನ ದೀಪವೂ ಆರಿದವು.

ಹೀಗೆ ಪಟ್ಟಿಯಾದ ಮೇಲೆ ಭಾಗಾಕಾರ ಸುಲಭ. ನಮ್ಮಲ್ಲಿ ಮನೆಗೆ ಬರುವ ವೋಲ್ಟೇಜ್ 230. ವ್ಯಾಟನ್ನು 230ರಿಂದ ಭಾಗಿಸಿದರೆ ವೈರಿನಲ್ಲಿ ಹರಿಯುವ ಪ್ರವಾಹದ ಅಳತೆಯಾದ ಆಂಪಿಯರ್ ಸಿಗುತ್ತದೆ. ಚಾರ್ಜರ್ 20 ವ್ಯಾಟಿನದಾದರೆ ಅದು ಒಂದು ಆಂಪಿಯರಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. 750 ವ್ಯಾಟಿನ ಮಿಕ್ಸಿ 3.3 ಆಂಪಿಯರ್, 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ 4.3, 1500 ವ್ಯಾಟಿನ ಕೆಟಲ್ 6.5, 2000 ವ್ಯಾಟಿನ ಇಂಡಕ್ಷನ್ ಒಲೆ ಅಥವಾ ಗೀಸರ್ 8.7 ಆಂಪಿಯರ್. ಅಂಗಡಿಯಲ್ಲಿ ಸಿಗುವ ಸಣ್ಣ ಪ್ಲಗ್ಗಿನ ಮಿತಿ 6 ಆಂಪಿಯರ್, ಎಂದರೆ 1380 ವ್ಯಾಟ್; ದೊಡ್ಡದರ ಮಿತಿ 16 ಆಂಪಿಯರ್, ಎಂದರೆ 3680 ವ್ಯಾಟ್. ಕೆಟಲನ್ನೇ ಸಣ್ಣ ಪ್ಲಗ್ಗಿಗೆ ಹಾಕಬಾರದು ಎಂಬುದು ಈ ಸಣ್ಣ ಭಾಗಾಕಾರದಿಂದಲೇ ಹೊರಬೀಳುತ್ತದೆ. ಅತ್ತೆಯ ಅಡುಗೆಮನೆಯ ಲೈನಿನಲ್ಲಿ ಮಿಕ್ಸಿ, ಫ್ರಿಜ್, ನೀರಿನ ಫಿಲ್ಟರ್ ಮತ್ತು ದೀಪಗಳು ಸೇರಿ ಸುಮಾರು 1000 ವ್ಯಾಟ್ ಆಗಲೇ ಇತ್ತು. ಅದರ ಮೇಲೆ ಒಲೆಯ 2000 ಸೇರಿದರೆ 3000 ವ್ಯಾಟ್, ಎಂದರೆ 13 ಆಂಪಿಯರ್. ಆ ಲೈನಿನ ಎಂಸಿಬಿ 10 ಆಂಪಿಯರಿನದು, ವೈರು ಒಂದೂವರೆ ಚದರ ಮಿಲಿಮೀಟರಿನದು.

ಇಲ್ಲಿ ಬಹಳಷ್ಟು ಮನೆಗಳಲ್ಲಿ ನಡೆಯುವ ತಪ್ಪೊಂದಿದೆ. ಒಲೆ ಹಾಕುತ್ತಾರೆ, ಮಿಕ್ಸಿ ತಿರುಗಿಸುತ್ತಾರೆ, ಎಂಸಿಬಿ ಬೀಳುತ್ತದೆ. "ಎಂಸಿಬಿ ವೀಕ್ ಆಗಿದೆ" ಎಂದು ಯಾರೋ ಅದನ್ನು ತೆಗೆದು 20 ಆಂಪಿಯರಿನದನ್ನು ಕೂರಿಸುತ್ತಾರೆ. ಆಮೇಲೆ ಬೀಳುವುದಿಲ್ಲ, ಎಲ್ಲರಿಗೂ ಸಮಾಧಾನ. ಎಂಸಿಬಿ ಇರುವುದು ಒಲೆಯನ್ನು ಕಾಯುವುದಕ್ಕಲ್ಲ, ಗೋಡೆಯೊಳಗಿನ ವೈರನ್ನು ಕಾಯುವುದಕ್ಕೆ. ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವೈರು ಪೈಪಿನೊಳಗಿದ್ದಾಗ ಹದಿಮೂರು ಹದಿನಾಲ್ಕು ಆಂಪಿಯರ್ ತಾಳುತ್ತದೆ ಎಂದು ಹಿಡಿಯುವುದು ಕ್ಷೇಮ. ಇನ್ನು ಎಂಸಿಬಿಯು ತನ್ನ ಮೇಲೆ ಬರೆದ ಅಂಕಿಗೆ ಸರಿಯಾಗಿ ಬೀಳುತ್ತದೆ ಎಂದು ತಿಳಿಯಬಾರದು: ಬರೆದ ಅಂಕಿಯ 1.45 ಪಟ್ಟು ಪ್ರವಾಹದಲ್ಲೂ ಅದು ಬೀಳಲು ಒಂದು ಗಂಟೆಯವರೆಗೆ ಸಮಯ ತೆಗೆದುಕೊಳ್ಳಬಹುದು. ಎಂದರೆ 20 ಆಂಪಿಯರಿನ ಎಂಸಿಬಿ 29 ಆಂಪಿಯರನ್ನು ಬಹಳ ಹೊತ್ತು ಸಹಿಸಿಕೊಂಡೀತು, ಅಷ್ಟರಲ್ಲಿ ವೈರಿನ ಮೇಲಿನ ಪಿವಿಸಿ ಹೊದಿಕೆ ಮೆತ್ತಗಾಗಿರುತ್ತದೆ. ಪಾಯಿಂಟ್ ಸೇರಿಸಿದ್ದಕ್ಕಾಗಿ ಎಂಸಿಬಿಯನ್ನು ದೊಡ್ಡದು ಮಾಡಬೇಕಾಗಿ ಬಂದರೆ, ಆ ಪಾಯಿಂಟ್ ಆ ಲೈನಿಗೆ ಸೇರಿದ್ದಲ್ಲ ಎಂದೇ ಅರ್ಥ. ಒಲೆಗೆ ಬೇಕಾದದ್ದು ಮೇನಿನಿಂದ ನೇರವಾಗಿ ಬರುವ 4 ಚದರ ಮಿಲಿಮೀಟರಿನ ಪ್ರತ್ಯೇಕ ಲೈನ್, 16 ಆಂಪಿಯರಿನ ಪ್ಲಗ್, ಅದಕ್ಕೆ ತಕ್ಕ ತನ್ನದೇ ಎಂಸಿಬಿ. ಹಾಗೆಯೇ ಇಂತಹ ದೊಡ್ಡ ಉಪಕರಣ ಸೇರಿಸುವಾಗ ಕರೆಂಟ್ ಬಿಲ್ಲಿನಲ್ಲಿ ಮುದ್ರಿತವಾಗಿರುವ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದೂ ನೋಡಬೇಕು. ಸಾಲದಿದ್ದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಉಪವಿಭಾಗದ ಕಚೇರಿಯಲ್ಲಿ ಹೆಚ್ಚುವರಿ ಲೋಡಿಗೆ ಅರ್ಜಿ ಕೊಡಬೇಕು.

ಮಲಗುವ ಕೋಣೆಯ ಕತೆ ಬೇರೆ. ಅಲ್ಲಿನ ಲೈನಿನಲ್ಲಿ ನಾಲ್ಕು ಎಲ್‌ಇಡಿ ದೀಪ, ಎರಡು ಫ್ಯಾನು. ಎಲ್ಲ ಸೇರಿ 200 ವ್ಯಾಟ್ ದಾಟದು. ಲೋಡಿನ ದೃಷ್ಟಿಯಿಂದ ಅಲ್ಲಿ ಒಂದು ಸಣ್ಣ ಪ್ಲಗ್ ಸೇರಿಸಲು ಅಡ್ಡಿಯಿರಲಿಲ್ಲ. ಅಡ್ಡಿ ಬಂದದ್ದು ಬೋರ್ಡನ್ನು ಬಿಚ್ಚಿದಾಗ.

ಆ ದಿನ ಕೆಲಸಕ್ಕೆ ಬಂದವರು ಪರವಾನಗಿಯುಳ್ಳ ಗುತ್ತಿಗೆದಾರರ ಕಡೆಯ ವೈರ್‌ಮನ್. ಇದನ್ನು ಹೇಳಲು ಕಾರಣವಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಾವಳಿಯ ಪ್ರಕಾರ, ಬಲ್ಬು, ಫ್ಯಾನು, ಫ್ಯೂಸ್, ಸ್ವಿಚ್ಚುಗಳನ್ನು ಇದ್ದ ಹಾಗೆಯೇ ಬದಲಿಸುವುದನ್ನು ಬಿಟ್ಟು, ಇರುವ ವೈರಿಂಗಿಗೆ ಏನನ್ನಾದರೂ ಸೇರಿಸುವ ಅಥವಾ ಮಾರ್ಪಡಿಸುವ ಕೆಲಸವನ್ನು ರಾಜ್ಯ ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕ, ಅರ್ಹತಾ ಪತ್ರವುಳ್ಳವರ ಮೇಲ್ವಿಚಾರಣೆಯಲ್ಲಿ, ಪರ್ಮಿಟ್ ಇರುವವರೇ ಮಾಡಬೇಕು. ಹೊಸ ಪ್ಲಗ್ ಪಾಯಿಂಟ್ ಈ ಗೆರೆಯ ಆಚೆಗೆ ಬರುತ್ತದೆ. ಯಜಮಾನರಾದ ನಾವು ಮಾಡಬೇಕಾದದ್ದು ಸ್ಕ್ರೂ ಡ್ರೈವರ್ ಹಿಡಿಯುವುದಲ್ಲ. ಏನು ಕೇಳಬೇಕು, ಏನು ನೋಡಬೇಕು ಎಂದು ತಿಳಿದಿರುವುದು.

ಬೋರ್ಡನ್ನು ಮುಟ್ಟುವ ಮೊದಲು ಅವರು ಕೇಳಿದ ಮೊದಲ ಪ್ರಶ್ನೆ, "ಯುಪಿಎಸ್ ಎಲ್ಲಿದೆ ಸಾರ್?" ಎಂದು. ನಮ್ಮ ಊರುಗಳಲ್ಲಿ ಕರೆಂಟ್ ಹೋಗುವುದಕ್ಕೆ ಒಗ್ಗಿದ ಮನೆಗಳಲ್ಲೆಲ್ಲ ಯುಪಿಎಸ್ ಇರುತ್ತದೆ, ಮೇನ್ ಆಫ್ ಮಾಡಿದ ಕ್ಷಣವೇ ಅದು ಕರೆಂಟ್ ಹೋಯಿತೆಂದು ಭಾವಿಸಿ ಬ್ಯಾಟರಿಯಿಂದ 230 ವೋಲ್ಟನ್ನು ದೀಪ, ಫ್ಯಾನಿನ ಲೈನಿಗೆ ಕೊಡತೊಡಗುತ್ತದೆ. ಮೇನ್ ಇಳಿಸಿದ್ದೇವೆ ಎಂಬ ಧೈರ್ಯದಲ್ಲಿ ಕೈಯಿಟ್ಟವರಿಗೆ ಅದೇ ಬೋರ್ಡಿನಲ್ಲಿ ಜೀವಂತ ವೈರು ಕಾದಿರುತ್ತದೆ. ಆದ್ದರಿಂದ ಮೇನನ್ನೂ ಯುಪಿಎಸ್ಸಿನ ಔಟ್‌ಪುಟ್ಟನ್ನೂ ಎರಡನ್ನೂ ನಿಲ್ಲಿಸಬೇಕು, ಮತ್ತು ಮೇನಿನ ಮೇಲೆ "ಕೆಲಸ ನಡೆಯುತ್ತಿದೆ" ಎಂದು ಚೀಟಿ ಅಂಟಿಸಬೇಕು. ಇಲ್ಲವಾದರೆ ಟೀವಿ ಆರಿದ ಕೋಪಕ್ಕೆ ಮನೆಯ ಮಗುವೊಂದು ಬಂದು ಮೇನನ್ನು ಮೇಲಕ್ಕೆತ್ತುವುದು ಎಷ್ಟು ಹೊತ್ತಿನ ಮಾತು.

ನಿಲ್ಲಿಸಿದ ಮೇಲೂ ಪರೀಕ್ಷಿಸದೆ ಮುಟ್ಟುವಂತಿಲ್ಲ. ಅವರು ಟೆಸ್ಟರನ್ನು ಮೊದಲು ಕರೆಂಟ್ ಇರುವುದು ಖಚಿತವಾದ ಕಡೆ ಇಟ್ಟು ಅದು ಹೊತ್ತಿಕೊಳ್ಳುವುದನ್ನು ನೋಡಿದ್ದರು. ಎಲ್ಲ ನಿಲ್ಲಿಸಿದ ಮೇಲೆ ಬೋರ್ಡಿನ ಪ್ರತಿಯೊಂದು ಸ್ಕ್ರೂವಿಗೂ ಮಲ್ಟಿಮೀಟರಿನ ಕಡ್ಡಿಯಿಟ್ಟು ಶೂನ್ಯವೆಂದು ಖಾತ್ರಿ ಮಾಡಿಕೊಂಡರು. ಎರಡು ಉಪಕರಣಗಳು ಏಕೆ ಎಂದರೆ, ಟೆಸ್ಟರಿನ ಒಳಗಿನ ಪುಟ್ಟ ನಿಯಾನ್ ದೀಪ ಹಗಲ ಬೆಳಕಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಕೆಟ್ಟುಹೋಗಿದ್ದರೆ ಕೆಟ್ಟಿದೆ ಎಂದೂ ಹೇಳುವುದಿಲ್ಲ. ಆರಿದ ಟೆಸ್ಟರಿಗೂ ಸತ್ತ ವೈರಿಗೂ ಕಣ್ಣಿಗೆ ವ್ಯತ್ಯಾಸವಿಲ್ಲ.

ಬೋರ್ಡನ್ನು ಬಿಚ್ಚಿದಾಗ ಒಳಗೆ ಕಂಡದ್ದು ಹೀಗಿತ್ತು. ತೇಗದ ಮರದ ಹಳೆಯ ಪೆಟ್ಟಿಗೆ. ಮೂಲೆಯಲ್ಲಿ ಕಣಜದ ಮಣ್ಣಿನ ಗೂಡು. ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುವ ಕರಿ ಟೇಪು. ಎಲ್ಲವೂ ಕೆಂಪು ಬಣ್ಣದ ಮೂರು ವೈರುಗಳು. ಕೆಂಪು, ಹಳದಿ ಅಥವಾ ನೀಲಿ ಫೇಸಿಗೆ, ಕಪ್ಪು ನ್ಯೂಟ್ರಲಿಗೆ, ಹಸಿರು ಅರ್ಥಿಗೆ ಎಂಬುದು ನಮ್ಮಲ್ಲಿನ ಪದ್ಧತಿ, ಆದರೆ ಕೈಯಲ್ಲಿ ಉಳಿದಿದ್ದ ಕಾಯಿಲಿನ ಬಣ್ಣದಲ್ಲೇ ಕೆಲಸ ಮುಗಿಸಿದವರು ಎಲ್ಲ ಕಾಲದಲ್ಲೂ ಇದ್ದಾರೆ. ಆ ಮೂರರಲ್ಲಿ ಒಂದು ಒಳಬರುವ ಫೇಸ್, ಉಳಿದೆರಡು ಸ್ವಿಚ್ಚಿನಿಂದ ದೀಪಕ್ಕೂ ಫ್ಯಾನಿಗೂ ಹೋಗುವವು. ನ್ಯೂಟ್ರಲ್ ಆ ಬೋರ್ಡಿಗೆ ಇಳಿದೇ ಇರಲಿಲ್ಲ; ಅದು ಮೇಲೆ, ವೈರುಗಳು ಕವಲೊಡೆಯುವ ಜಂಕ್ಷನ್ ಬಾಕ್ಸಿನಲ್ಲೇ ಉಳಿದಿತ್ತು. ಬರೀ ದೀಪ, ಫ್ಯಾನಿನ ಹಳೆಯ ಬೋರ್ಡುಗಳು ಹೀಗಿರುವುದು ಸಾಮಾನ್ಯ. ಹೊರಗಿನಿಂದ ನೋಡಿ "ಇದೇ ಬೋರ್ಡಿನಿಂದ ಪ್ಲಗ್ ಕೊಡಬಹುದು" ಎಂದು ಹೇಳಲಾಗದಿರುವುದು ಇದಕ್ಕೇ.

ಇಂತಹ ಬೋರ್ಡಿನಲ್ಲಿ ಮೈಗಳ್ಳರಿಗೆ ಒಂದು ಅಡ್ಡದಾರಿ ಹೊಳೆಯುತ್ತದೆ, ಅದು ನನ್ನ ಅನುಭವಕ್ಕೆ ಇದೇ ಮನೆಯಲ್ಲಿ ಬಂದಿತ್ತು. ಕೆಲವು ವರ್ಷಗಳ ಹಿಂದೆ ಜಗುಲಿಯಲ್ಲಿ ಇಸ್ತ್ರಿಗೆಂದು ಒಬ್ಬರು ಪ್ಲಗ್ ಹಾಕಿಕೊಟ್ಟಿದ್ದರು. ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆಮೇಲೆ ಮನೆಗೆ, ವಿದ್ಯುತ್ ಸೋರಿದರೆ ಕರೆಂಟನ್ನು ಕಡಿಯುವ ಆರ್‌ಸಿಸಿಬಿ ಹಾಕಿಸಿದೆವು. ಅಂದಿನಿಂದ ಜಗುಲಿಯಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿದ ಕೂಡಲೇ ಇಡೀ ಮನೆಯ ಕರೆಂಟ್ ಹೋಗತೊಡಗಿತು. ಎಲ್ಲರೂ ಬೈದದ್ದು ಆರ್‌ಸಿಸಿಬಿಯನ್ನು. ಬಿಚ್ಚಿ ನೋಡಿದಾಗ, ಆ ಪ್ಲಗ್ಗಿಗೆ ನ್ಯೂಟ್ರಲ್ ಎಂಬುದೇ ಇರಲಿಲ್ಲ. ಹತ್ತಿರ ಹಾದುಹೋಗುತ್ತಿದ್ದ ಅರ್ಥ್ ವೈರನ್ನೇ ನ್ಯೂಟ್ರಲಿನ ಜಾಗಕ್ಕೆ ಸಿಕ್ಕಿಸಿದ್ದರು.

ಇದು ಏಕೆ ಅಪಾಯವೆಂದು ಲೆಕ್ಕ ಹಾಕಿಯೇ ನೋಡಬಹುದು. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯ ರೋಧ, ಎಂದರೆ ಪ್ರವಾಹಕ್ಕೆ ಅದು ಒಡ್ಡುವ ತಡೆ, ಸುಮಾರು 53 ಓಮ್. ಅದರ ಪ್ರವಾಹ ಹಿತ್ತಲಿನಲ್ಲಿ ಉಪ್ಪು, ಇದ್ದಿಲು ತುಂಬಿ ಹೂತ ಅರ್ಥ್ ಪೈಪಿನ ಮೂಲಕ ಮಣ್ಣಿಗೆ ಇಳಿಯಬೇಕು. ಬೇಸಿಗೆಯಲ್ಲಿ ನೀರು ಹಾಕದೆ ಗುಂಡಿ ಒಣಗಿ ಅದರ ರೋಧ 20 ಓಮ್ ಆಗಿದೆಯೆಂದುಕೊಳ್ಳಿ. ಆಗ 230 ವೋಲ್ಟಿನಲ್ಲಿ ಸುಮಾರು 63 ವೋಲ್ಟ್ ಆ ಗುಂಡಿಯ ಪಾಲಿಗೆ ಬರುತ್ತದೆ. ಅದೇ ಅರ್ಥ್ ವೈರಿಗೆ ಸೇರಿಕೊಂಡಿರುವ ಫ್ರಿಜ್ಜಿನ ಬಾಗಿಲು, ಗ್ರೈಂಡರಿನ ಮೈ, ಗೀಸರಿನ ಟ್ಯಾಂಕ್ ಎಲ್ಲವೂ 63 ವೋಲ್ಟಿನಲ್ಲಿ ನಿಲ್ಲುತ್ತವೆ. ಗುಂಡಿಯ ಬಳಿ ಅರ್ಥ್ ವೈರು ತುಕ್ಕು ಹಿಡಿದು ತುಂಡಾದರಂತೂ ಇಡೀ 230 ವೋಲ್ಟ್ ಅವುಗಳ ಮೇಲಿರುತ್ತದೆ. ಜಗುಲಿಯಲ್ಲಿ ಯಾರೋ ಅಂಗಿಗೆ ಇಸ್ತ್ರಿ ಹಾಕುತ್ತಿರುವಾಗ ಅಡುಗೆಮನೆಯಲ್ಲಿ ಒದ್ದೆ ಕೈಯಿಂದ ಫ್ರಿಜ್ ತೆಗೆದವರಿಗೆ ಶಾಕ್ ಹೊಡೆಯುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ಆರ್‌ಸಿಸಿಬಿ ಮಾಡುವ ಕೆಲಸ ಫೇಸಿನಲ್ಲಿ ಹೋದದ್ದೂ ನ್ಯೂಟ್ರಲಿನಲ್ಲಿ ಬಂದದ್ದೂ ಸಮವೇ ಎಂದು ತೂಗಿ ನೋಡುವುದು. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ಅದು ಬೀಳುತ್ತದೆ. ಜಗುಲಿಯ ಪ್ಲಗ್ಗಿನಲ್ಲಿ ಹೋದ ಮೂರು ನಾಲ್ಕು ಆಂಪಿಯರೂ ಬೇರೆ ದಾರಿ ಹಿಡಿದಿತ್ತು. ನಾವು ಬೈದ ಆರ್‌ಸಿಸಿಬಿ ಮಾತ್ರವೇ ಆ ಮನೆಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿತ್ತು.

ಅದೇ 20 ಓಮಿನ ಗುಂಡಿ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಉಪಕರಣದ ಫೇಸ್ ವೈರು ಅದರ ಲೋಹದ ಮೈಗೆ ತಾಗಿದರೆ ಅರ್ಥಿನ ಮೂಲಕ ಹರಿಯುವುದು 230ನ್ನು 20ರಿಂದ ಭಾಗಿಸಿದಷ್ಟು, ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ ಇದನ್ನು ಮಾಮೂಲಿ ಲೋಡೆಂದೇ ತಿಳಿದು ಸುಮ್ಮನಿರುತ್ತದೆ. ಎಂಸಿಬಿ ಇದೆ, ಅರ್ಥಿಂಗ್ ಇದೆ ಎಂಬ ಭರವಸೆ ಸಾಲದೆ, ಹೊಸ ಪಾಯಿಂಟ್ ಸೇರುವ ಲೈನು 30 ಮಿಲಿಆಂಪಿಯರಿನ ಆರ್‌ಸಿಸಿಬಿಯ ಕೆಳಗಿರಲೇಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಮಲಗುವ ಕೋಣೆಗೆ ಮರಳುವುದಾದರೆ, ವೈರ್‌ಮನ್ ಜಂಕ್ಷನ್ ಬಾಕ್ಸಿನಿಂದ ನ್ಯೂಟ್ರಲನ್ನೂ, ಮೇನಿನ ಅರ್ಥ್ ಪಟ್ಟಿಯಿಂದ ಹಸಿರು ವೈರನ್ನೂ ಹೊಸದಾಗಿ ಎಳೆದು ತಂದರು. ಆ ಲೈನಿನ ವೈರು ತಾಮ್ರದ್ದಾಗಿದ್ದುದು ನಮ್ಮ ಅದೃಷ್ಟ. 1970, 80ರ ದಶಕದ ಹಲವು ಮನೆಗಳಲ್ಲಿ ಅಲ್ಯೂಮಿನಿಯಂ ವೈರಿದೆ. ಅದಕ್ಕೆ ತಾಮ್ರವನ್ನು ಹೆಣೆದು ಟೇಪು ಸುತ್ತಿದರೆ, ಬಿಸಿಯಾದಾಗ ಎರಡೂ ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗಿ ಜಾಯಿಂಟ್ ಸಡಿಲವಾಗುತ್ತದೆ, ತೇವ ತಾಗಿದಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ಅಂತಹ ಲೈನಿಗೆ ಪಾಯಿಂಟ್ ಸೇರಿಸುವುದಕ್ಕಿಂತ ಲೈನನ್ನೇ ಬದಲಿಸುವುದು ವಿವೇಕ.

ಜಾಯಿಂಟಿನ ಬಗ್ಗೆ ಇಷ್ಟು ಹೇಳಲೇಬೇಕು. ಸಡಿಲವಾದ ಒಂದು ಸ್ಕ್ರೂವಿನ ಬಳಿ ರೋಧ ಓಮಿನ ಹತ್ತನೆಯ ಒಂದು ಭಾಗವಷ್ಟೇ ಇದ್ದರೂ, 10 ಆಂಪಿಯರ್ ಹರಿದಾಗ ಅಲ್ಲಿ 10 ವ್ಯಾಟ್ ಶಾಖ ಹುಟ್ಟುತ್ತದೆ. ಕಡಲೆಕಾಳಿನಷ್ಟು ಜಾಗದಲ್ಲಿ ಅಷ್ಟು ಶಾಖವೆಂದರೆ ಪ್ಲಾಸ್ಟಿಕ್ ಕಂದಾಗಿ ಕರಗಲು ಸಾಕು. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ಎಂಸಿಬಿಗೂ ಆರ್‌ಸಿಸಿಬಿಗೂ ಈ ದೋಷ ಕಾಣುವುದಿಲ್ಲ, ಏಕೆಂದರೆ ಪ್ರವಾಹ ಹೆಚ್ಚಾಗಿರುವುದಿಲ್ಲ, ಸೋರಿಯೂ ಇರುವುದಿಲ್ಲ. ಆದ್ದರಿಂದ ಜಾಯಿಂಟುಗಳು ಬಿಚ್ಚಿ ನೋಡಬಹುದಾದ ಬಾಕ್ಸಿನೊಳಗೆ, ಕನೆಕ್ಟರಿನಲ್ಲಿ ಬಿಗಿಯಾಗಿ ಇರಬೇಕೇ ಹೊರತು ಗಾರೆಯೊಳಗೆ ಹೂತು ಹೋಗಬಾರದು. ಹಳೆಯ ಮೈಸೂರಿನ ಸುಣ್ಣದ ಗಾರೆ, ಮಣ್ಣಿನ ಗೋಡೆಗಳಲ್ಲಿ ಕೊರೆಯತೊಡಗಿದರೆ ಅಂಗೈಯಗಲ ಕೇಳಿದ್ದಕ್ಕೆ ಮೊಳದುದ್ದ ಉದುರುತ್ತದೆ. ಅಲ್ಲಿ ಕೇಸಿಂಗ್ ಕ್ಯಾಪಿಂಗ್ ಪಟ್ಟಿಯಲ್ಲಿ ಗೋಡೆಯ ಮೇಲೆಯೇ ವೈರ್ ಒಯ್ಯುವುದರಲ್ಲಿ ಅವಮಾನವೇನೂ ಇಲ್ಲ. ಗೋಡೆಯೊಳಗೇ ಹೋಗಬೇಕೆಂದರೆ ದಾರಿ ನೇರವಾಗಿ ಮೇಲಿಂದ ಕೆಳಗೆ ಅಥವಾ ಅಡ್ಡಕ್ಕೆ ಇರಲಿ, ಓರೆಯಾಗಿ ಬೇಡ. ಮುಂದೆ ಕ್ಯಾಲೆಂಡರಿಗೆ ಮೊಳೆ ಹೊಡೆಯುವವರು ಊಹಿಸಿಕೊಳ್ಳುವಂತಿರಬೇಕು.

ಪ್ಲಗ್ಗಿನ ಮುಂದೆ ನಿಂತು ನೋಡಿದಾಗ ಮೇಲಿನ ದಪ್ಪ ರಂಧ್ರ ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಸ್ವಿಚ್ ಕತ್ತರಿಸಬೇಕಾದದ್ದು ಫೇಸನ್ನು. ಕೆಲಸ ಮುಗಿದ ಮೇಲೆ ಮೀಟರಿನಲ್ಲಿ ಫೇಸ್‌ಗೂ ನ್ಯೂಟ್ರಲಿಗೂ ನಡುವೆ 230ರ ಆಸುಪಾಸು, ಫೇಸ್‌ಗೂ ಅರ್ಥಿಗೂ ನಡುವೆ ಅಷ್ಟೇ, ನ್ಯೂಟ್ರಲಿಗೂ ಅರ್ಥಿಗೂ ನಡುವೆ ಸೊನ್ನೆಯ ಹತ್ತಿರ ಬರಬೇಕು. ಆದರೆ ಮೀಟರ್ ಹೆಚ್ಚುಕಡಿಮೆ ಪ್ರವಾಹವನ್ನೇ ಎಳೆಯದ ಕಾರಣ, ಕೂದಲೆಳೆಯಷ್ಟು ಉಳಿದಿರುವ ಅರ್ಥ್ ವೈರೂ ಅದಕ್ಕೆ ಒಳ್ಳೆಯ ಅರ್ಥಿನಂತೆಯೇ ಕಾಣುತ್ತದೆ. ಅರ್ಥಿನ ನಿಜವಾದ ರೋಧವನ್ನು ಅಳೆಯುವ ಬೇರೆ ಉಪಕರಣವಿದೆ. ವೈರಿನ ಹೊದಿಕೆ ಗಟ್ಟಿಯಾಗಿದೆಯೇ ಎಂದು ನೋಡಲು, ಉಪಕರಣಗಳನ್ನೆಲ್ಲ ಕಳಚಿ 500 ವೋಲ್ಟಿನ ಮೆಗ್ಗರ್ ಹಿಡಿಯಬೇಕು, ಕನಿಷ್ಠ 1 ಮೆಗಾಓಮ್ ಬರಬೇಕು. ಈ ಎರಡನ್ನೂ ತರುವಂತೆ ಕೆಲಸ ಒಪ್ಪಿಸುವಾಗಲೇ ಹೇಳಿದರೆ ಗುತ್ತಿಗೆದಾರರು ತರುತ್ತಾರೆ. ಮುಗಿದ ಮೇಲೆ ಕೇಳಿದರೆ ನಾಳೆ ಎನ್ನುತ್ತಾರೆ. ಕೊನೆಯಲ್ಲಿ ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಗುಂಡಿಯನ್ನು ಒತ್ತಬೇಕು, ಅದು ಆ ಕ್ಷಣವೇ ಬೀಳಬೇಕು.

ಅಡುಗೆಮನೆಯ ಹೊಸ ಪ್ಲಗ್ಗಿನಲ್ಲಿ ಒಲೆಯನ್ನು ಅರ್ಧ ಗಂಟೆ ಪೂರ್ತಿ ಉರಿಸಿ, ಆರಿಸಿದ ಮೇಲೆ ಒಲೆಯ ವೈರಿನ ತುದಿಯಲ್ಲಿರುವ ಪಿನ್ ಟಾಪನ್ನು ಕಿತ್ತು ಅದರ ಮೇಲೂ ಪ್ಲಗ್ಗಿನ ಮುಖದ ಮೇಲೂ ಕೈಯಿಟ್ಟು ನೋಡಿದೆವು. ಉಗುರು ಬೆಚ್ಚಗಿತ್ತು, ಅಷ್ಟು ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಆ ಎಂಸಿಬಿಯನ್ನು ಇಳಿಸಿ, ವೈರ್‌ಮನ್ ಮತ್ತೆ ಬಂದು ಸ್ಕ್ರೂಗಳನ್ನು ಬಿಗಿಮಾಡುವವರೆಗೆ ಅದನ್ನು ಮೇಲಕ್ಕೆತ್ತಬಾರದು ಎಂದು ಅತ್ತೆಗೆ ಹೇಳಿದ್ದೇನೆ. ಯಾವ ಎಂಸಿಬಿ ಯಾವುದಕ್ಕೆ ಎಂದು ಅವರೇ ಚೀಟಿಗಳಲ್ಲಿ ಬರೆದು ಮೇನ್ ಬೋರ್ಡಿನ ಒಳಗೆ ಅಂಟಿಸಿದ್ದಾರೆ. ನಾಲ್ಕನೆಯದರ ಮೇಲೆ "ದೇವರಮನೆ, ಬಚ್ಚಲು, ಮಿಕ್ಸಿ" ಎಂದಿದೆ.